ಗೌರಕ್ಕನ ಕನ್ನಡಕ

ಆ ಕನ್ನಡಕವನ್ನು ನಾನು ಬೇಕೆಂದೇ ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದೆ. ಗೌರಕ್ಕನಿಗೆ ಓದಲು ಬಾರದು ಎಂಬುದು ಊರಿಗೆಲ್ಲ ಗೊತ್ತಾಗಲಿ, ನಾಲ್ಕು ಜನರ ಮುಂದೆ ಅವರ ಮಾನ ಹೋಗಲಿ — ಹಾಗೆಂದೇ ಅದನ್ನು ಅವರ ಕೈಗೆ ಕೊಟ್ಟೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಗೌರಕ್ಕ ಹಾಗಲವಾಡಿ ಕಡೆಯ ನಮ್ಮ ಗ್ರಾಮ ಪಂಚಾಯ್ತಿಗೆ ಅಧ್ಯಕ್ಷೆಯಾಗಿದ್ದವರು. ಮೀಸಲಾತಿಯಲ್ಲಿ ಬಂದ ಹೆಂಗಸು, ಹೇಳಿದ ಕಡೆ ಸೈನು ಹಾಕಿಕೊಂಡು ಬಿದ್ದಿರುತ್ತಾಳೆ ಎಂದುಕೊಂಡಿದ್ದರು ಮೆಂಬರುಗಳು. ಗೌರಕ್ಕನೋ — ಅಂಗಡಿಗಳಲ್ಲಿ ಕದ್ದು ಮಾರುತ್ತಿದ್ದ ಹೆಂಡ ನಿಲ್ಲಿಸಿದರು. ಪಂಚಾಯ್ತಿಯ ಹಿಂದಿನ ಕೋಣೆಯಲ್ಲಿ ಇಸ್ಪೀಟು ಆಡುತ್ತಿದ್ದವರನ್ನು ಎಬ್ಬಿಸಿ, ಅಲ್ಲಿ ಲೈಬ್ರರಿ ಮಾಡುತ್ತೇನೆಂದು ಹೊರಟರು. ಬೆನ್ನ ಹಿಂದೆ ಅವರನ್ನು ಮಹಾರಾಣಿ ಎಂದು ಆಡಿಕೊಳ್ಳುತ್ತಿದ್ದರು.

ಅವರ ತಲೆಗೆ ಲೈಬ್ರರಿ ಹೊಕ್ಕಿದ್ದು ನನ್ನಿಂದ. ನಾನು ಪಿಯುಸಿ ಓದಿ ಆ ಊರಿಗೆ ಸೊಸೆಯಾಗಿ ಬಂದವಳು. ಬಂದ ಕಾಗದಗಳನ್ನೆಲ್ಲ ಗುಟ್ಟಾಗಿ ನನ್ನಿಂದಲೇ ಓದಿಸಿಕೊಳ್ಳುತ್ತಿದ್ದರು. ಸೈನು ಬಿಟ್ಟರೆ ಅವರಿಗೆ ಬೇರೆ ಅಕ್ಷರ ಬಾರದೆಂದು ಗೊತ್ತಿದ್ದವಳು ನಾನೊಬ್ಬಳೇ. ಒಮ್ಮೆ ಹಿಂದಿನ ಕಾಲದ ರಾಣಿಯೊಬ್ಬರ ಸಂಗತಿ ಹೇಳಿದೆ — ಗಂಡ ತೀರಿಕೊಂಡ ಮೇಲೆ ಎಳೆಯ ಮಗನ ಪರವಾಗಿ ರಾಜ್ಯ ಆಳಿದವರು, ಹೆಣ್ಣುಮಕ್ಕಳ ಓದಿಗೆ ಒತ್ತಾಸೆಯಾಗಿ ನಿಂತವರು. ಗೌರಕ್ಕ ಹತ್ತಿರ ಸರಿದು ಕೇಳಿದರು.

"ಆ ಯಮ್ಮಂಗೆ ಓದೋಕ್ ಬರ್ತಿತ್ತಾ ಸುಮಿತ್ರ?"

ಬರುತ್ತಿತ್ತು ಎಂದೆ.

"ಹಂಗಾದ್ರೆ ನಂಗೂ ಕಲ್ಸು. ಓದೋ ಮನೆ ಕಟ್ಸೋಳಿಗೆ ಓದೋಕ್ ಬರ್ದೇ ಇದ್ರೆ ಹೆಂಗೆ?"

ಮಧ್ಯಾಹ್ನ ನಮ್ಮ ಹಿತ್ತಿಲಲ್ಲಿ ಸ್ಲೇಟು ಹಿಡಿದು ಕೂರುತ್ತಿದ್ದರು. ಕಲಿಯುವಷ್ಟರಲ್ಲಿ ಸಭೆಯಲ್ಲಿ ಸಿಕ್ಕಿಬೀಳಬಾರದಲ್ಲ — ಅದಕ್ಕೂ ಉಪಾಯ ನನ್ನದೇ. ತುಮಕೂರಿನಿಂದ ಪವರಿಲ್ಲದ ಕನ್ನಡಕ ತಂದುಕೊಟ್ಟೆ. ಊರಲ್ಲಿ ಹಾಕಿಕೊಂಡು ಓಡಾಡಿ, ಸಭೆಗೆ ಮಾತ್ರ ತರಬೇಡಿ, ಯಾರಾದರೂ ಓದಿ ಎಂದರೆ ಕನ್ನಡಕ ಮರೆತೆ ಎಂದುಬಿಡಿ ಎಂದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಲೈಬ್ರರಿ ನೋಡಿಕೊಳ್ಳುವ ಕೆಲಸ ನನಗೇ ಎಂದುಕೊಂಡಿದ್ದೆ. ಗೌರಕ್ಕ ಅದನ್ನು ಮಂಜುಳ ಎಂಬ ಗಂಡ ಸತ್ತ ಹುಡುಗಿಗೆ ಕೊಟ್ಟರು. ನಿನಗೆ ಗಂಡ ಇದ್ದಾನೆ, ಹೊಲ ಇದೆ, ಅವಳಿಗೆ ಏನಿದೆ ಎಂದರು. ಸರಿ ಎಂದು ತಲೆಯಾಡಿಸಿದೆ. ಒಳಗೆ — ಏನೆಂದು ಹೇಳಲಿ, ಅಕ್ಷರ ಕಲಿಸಿದ ಕೈಯನ್ನೇ ಒದ್ದಳು ಎನಿಸಿತು. ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ.

ಉದ್ಘಾಟನೆಯ ದಿನ ಮೈಕು ನನ್ನ ಕೈಯಲ್ಲಿತ್ತು, ಬೆಳಿಗ್ಗೆ ಅವರ ಮನೆಯಿಂದ ಎತ್ತಿಕೊಂಡ ಕನ್ನಡಕ ಬ್ಯಾಗಿನಲ್ಲಿತ್ತು. ವೇದಿಕೆಯ ಮೇಲೆ ಗುಬ್ಬಿಯಿಂದ ಬಂದ ಅತಿಥಿಗಳು, ಮುಂದೆ ಇಡೀ ಊರು. ಅಧ್ಯಕ್ಷರೇ ಮೊದಲ ಪುಸ್ತಕದ ಮೊದಲ ಪುಟ ಓದಬೇಕೆಂದು ಘೋಷಿಸಿದೆ. ಗೌರಕ್ಕ ನನ್ನತ್ತ ನೋಡಿ ನಕ್ಕರು. ನಾನು ಕಾಪಾಡುತ್ತೇನೆಂಬ ಧೈರ್ಯದ ನಗು.

"ಕನ್ನಡಕ ಮರ್ತ್ ಬಂದೆ ಕಣವ್ವ. ನೀನೇ ಓದು."

"ನಾನು ತಂದಿದೀನಿ ಅಕ್ಕ," ಎಂದೆ. "ಇಗೊಳ್ಳಿ."

ಅವರು ಆಗಲೂ ಓದಲಾರೆ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಎರಡು ಪದ ದಾಟಿದರು. ಆಮೇಲೆ ನಿಂತರು. ನಾನು ಮೈಕನ್ನು ಇನ್ನೂ ಹತ್ತಿರ ಹಿಡಿದೆ — ಅವರ ಏದುಸಿರು ಕೂಡ ಕೇಳಲಿ ಎಂದು. ಮಹಾರಾಣಿಯನ್ನು ಒಂದನೇ ಕ್ಲಾಸಿಗೆ ಸೇರಿಸಿ ಎಂದು ಮೆಂಬರೊಬ್ಬ ಕೂಗಿದ. ಶಾಮಿಯಾನವೆಲ್ಲ ನಕ್ಕಿತು. ಸೆರಗು ಅಡ್ಡ ಹಿಡಿದು ನಾನೂ ನಕ್ಕೆ.

ಅಲ್ಲಿಂದಾಚೆಗೆ ಸಭೆಯಲ್ಲಿ ಅವರು ಬಾಯಿ ತೆರೆದರೆ ಸಾಕು, ಮೊದಲು ಇದನ್ನು ಓದಿ ಎಂದು ಮೆಂಬರುಗಳು ಕಾಗದ ಮುಂದೆ ಹಿಡಿಯುತ್ತಿದ್ದರು. ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟು ಕುಣಿಗಲ್ಲಿನ ಮಗಳ ಮನೆ ಸೇರಿದರು. ಮೆಂಬರುಗಳು ಮಂಜುಳಳನ್ನು ಲೈಬ್ರರಿಯಿಂದ ಬಿಡಿಸಿದರು, ಅವಳು ಕ್ಯಾತ್ಸಂದ್ರದ ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯಲು ಹೋದಳು. ಕೆಲಸ ನನ್ನದಾಯಿತು. ಈಗಲೂ ನನ್ನದೇ.

ಹೋದ ತಿಂಗಳು, ಎಲ್ಲವನ್ನೂ ಹೇಳಿಬಿಡಬೇಕೆಂದು ಕುಣಿಗಲ್ಲಿಗೆ ಹೋದೆ. ಗೌರಕ್ಕ ಪೇಪರು ಹರಡಿಕೊಂಡು ಕೂತಿದ್ದರು. ನನ್ನ ಜೀವ ಹಿಗ್ಗಿತು. ಓದುತ್ತೀರಾ ಎಂದು ಕೇಳಿದೆ.

"ಅಯ್ಯೋ, ಸೊಪ್ಪು ಬಿಡ್ಸೋಕೆ ಹಾಸ್ಕೊಂಡಿದೀನಿ. ಓದೋದು ಅವತ್ತೇ ಬುಟ್ಟೆ ಕಣವ್ವ."

ಕಾಫಿ ಕೊಟ್ಟರು. ನನ್ನ ಕೈ ಹಿಡಿದುಕೊಂಡರು.

"ನಾನು ಓದ್ತೀನಿ ಅಂತ ನಂಬ್ಕೊಂಡು ಕನ್ನಡಕ ತಂದಿದ್ದೆ ನೀನು. ಅಷ್ಟ್ ಜನದ್ ಮುಂದೆ ನಿನ್ ಮಾನ ಕಳ್ದೆ. ತಪ್ಪಾಯ್ತು ಕಣೇ."

ಆಗ ಹೇಳಬಹುದಿತ್ತು. ಬಾಯಿಯವರೆಗೂ ಬಂತು — ನಾನು ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, "ಇರ್ಲಿ ಬಿಡಿ ಅಕ್ಕ" ಎಂದೆ. ಅವರನ್ನು ಕ್ಷಮಿಸಿ ಎದ್ದು ಬಂದೆ.

ಈಗ ಇದನ್ನು ಬರೆಯುತ್ತಿದ್ದೇನೆ. ಯಾರು ಬೇಕಾದರೂ ಓದಬಹುದು, ಗೌರಕ್ಕ ಒಬ್ಬರನ್ನು ಬಿಟ್ಟು. ಆ ಧೈರ್ಯದ ಮೇಲೆಯೇ ಇಷ್ಟೂ ಬರೆದೆ.