ಬರೆದವರು ಬಾಯಿ ಬಿಡಬಾರದು

ಹೋದ ತಿಂಗಳು ನಾನು ನನ್ನ ತಮ್ಮನ ಕಾಲು ಮುಟ್ಟಿದೆ. ಅವನು ನನಗಿಂತ ಆರು ವರ್ಷ ಚಿಕ್ಕವನು. ನಮ್ಮಲ್ಲಿ ಹಿರಿಯರು ಕಿರಿಯರ ಕಾಲು ಮುಟ್ಟುವುದುಂಟೇ? ಇಲ್ಲ. ಇದೇ ಮಾತು ಹೇಳಿ ನಾನು ಒಬ್ಬರ ಕಥೆಯನ್ನು ಹಾಳು ಮಾಡಿದ್ದೆ. ಅದನ್ನು ಒಪ್ಪಿಕೊಳ್ಳದೆ ಈ ವಾರ ಬೇರೇನೂ ಬರೆಯಲು ಕೈ ಓಡುತ್ತಿಲ್ಲ.

ಕಮ್ಮನಹಳ್ಳಿಯ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಾವು ಎಂಟು ಹತ್ತು ಜನ ಸೇರುತ್ತೇವೆ. ನಮ್ಮ ಮಹಾಕಾವ್ಯಗಳ ಕಥೆಯನ್ನು ಯಾರ್ಯಾರು ಹೇಗೆ ಮರಳಿ ಹೇಳಿದ್ದಾರೆ ಎಂದು ಓದುವುದು, ಆಮೇಲೆ ನಾವೂ ಒಂದೊಂದು ಪ್ರಸಂಗ ಬರೆದು ತರುವುದು. (ಕೆಳಗಿನಿಂದ ಬರುವ ಪಫ್ಸ್ ವಾಸನೆಗೆ ಎಂಥ ಯುದ್ಧವೂ ಬೇಗ ಮುಗಿಯುತ್ತದೆ.) ‘ದನಿಯಿಲ್ಲದವರಿಗೆ ದನಿ’ ಎಂದು ವಾಟ್ಸ್ಯಾಪ್ ಗ್ರೂಪಿಗೆ ಹೆಸರು. ಇಟ್ಟವಳು ನಾನೇ.

ಮೊದಮೊದಲು ಯಾರು ಏನು ಓದಿದರೂ “ಸೂಪರ್”, “ಮಸ್ತ್”. ಅದರಿಂದ ಯಾರಿಗೆ ಉಪಯೋಗ? ಫೀಡ್‌ಬ್ಯಾಕ್ ಅಂದರೆ ಹಾಗಲ್ಲ ಎಂದು ನಾನೇ ಎರಡು ರೂಲ್ ಮಾಡಿದೆ. ಹೇಳುವವರು ಕಾರಣ ಕೊಡಬೇಕು. ಬರೆದವರು ಬಾಯಿ ಬಿಡಬಾರದು. ತನ್ನದೇ ಸರಿ ಎಂದು ವಾದ ಶುರುವಾದರೆ ಕಿವಿ ಮುಚ್ಚಿಹೋಗುತ್ತದೆ, ಅಲ್ಲವೇ? ನನ್ನ ಜಾಣತನದ ಮೇಲೆ ನನಗೆ ಬಹಳ ಪ್ರೀತಿ.

ಮುನಿಸ್ವಾಮಿ ಬಂದದ್ದು ಆಮೇಲೆ. ಹಲಸೂರಿನವರು, ಅರವತ್ತು ದಾಟಿದವರು, ಮನೆಯಲ್ಲಿ ತಮಿಳು. “ಗೌರ್ಮೆಂಟ್ ಆಸ್ಪತ್ರೇಲಿದ್ದೆ ಮೇಡಂ, ರಿಟೈರ್ ಆಯ್ತು” ಎಂದರು. ಆಸ್ಪತ್ರೆಯಲ್ಲಿ ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ನಾಲ್ಕು ತಿಂಗಳು ಮೂಲೆಯಲ್ಲಿ ಕೂತು ಕೇಳಿಸಿಕೊಂಡು ಹೋದರು. ಐದನೆಯ ತಿಂಗಳು ಎರಡು ಪುಟ ತಂದರು. ಬದುಕಿನಲ್ಲಿ ಬರೆದ ಮೊದಲ ಕಥೆ.

ಯುದ್ಧ ಮುಗಿದಿದೆ. ಕುರುಡ ರಾಜನ ಹೆಂಡತಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನೂರು ಮಕ್ಕಳ ತಾಯಿ, ರಣರಂಗಕ್ಕೆ ಬರುತ್ತಾಳೆ. ಒಂದೊಂದೇ ಹೆಣದ ಕಾಲು ತಡವುತ್ತಾ ಹೋಗುತ್ತಾಳೆ. ಒಂದು ಕಡೆ ಕೈ ನಿಲ್ಲುತ್ತದೆ. ಒಡೆದ ಹಿಮ್ಮಡಿ, ಸೊಟ್ಟ ಕಿರುಬೆರಳು. ಅಲ್ಲೇ ಕೂರುತ್ತಾಳೆ, ಮುಖದ ಕಡೆಗೆ ಮಾತ್ರ ಕೈ ಒಯ್ಯುವುದಿಲ್ಲ. ಅಷ್ಟೇ ಕಥೆ.

ನಾನು ಕೆಂಪು ಪೆನ್ನು ತೆಗೆದೆ. “ತಾಯಿ ಮಗನ ಮುಖ ಮುಟ್ಟದೆ ಕಾಲು ಮುಟ್ತಾಳೇನ್ರೀ? ದೊಡ್ಡೋರು ಚಿಕ್ಕೋರ ಕಾಲು ಮುಟ್ಟಲ್ಲ. ನಂಬೋಕಾಗಲ್ಲ. ಮುಖ ಅಂತ ಮಾಡಿ.”

ಎಲ್ಲರೂ ತಲೆಯಾಡಿಸಿದರು. ಫ್ರೇಜರ್ ಟೌನಿನ ಟೀಚರ್ ರೆಹಾನಾ ಒಬ್ಬರೇ, “ಅದು ಇರ್ಲಿ ಬಿಡಿ ಮೇಡಂ, ನಂಗೆ ಮೈ ಜುಮ್ ಅಂತು” ಎಂದರು. “ಕಾರಣ ಹೇಳಿ” ಎಂದೆ. ಪಾಪ, ಅವರು ತೋಳಿನ ಮೇಲೆ ಎದ್ದ ರೋಮ ತೋರಿಸಿದರು. ಮುನಿಸ್ವಾಮಿ ಏನೋ ಹೇಳಲು ಬಾಯಿ ತೆರೆದರು. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.

ಮುಂದಿನ ವಾರ ಅವರ ತಾಯಿ ಮಗನ ಮುಖ ತಬ್ಬಿಕೊಂಡು ಗೋಳಾಡಿದಳು. ಚಪ್ಪಾಳೆ ಬಿತ್ತು. ಅದಾದ ಮೇಲೆ ಮುನಿಸ್ವಾಮಿ ಬರಲಿಲ್ಲ.

ಹೋದ ತಿಂಗಳು ಕೆ.ಆರ್. ಪುರದ ಹತ್ತಿರ ನನ್ನ ತಮ್ಮನ ಬೈಕಿಗೆ ಲಾರಿ ಹೊಡೆಯಿತು. ಗುರುತು ಹಿಡಿಯಲು ನನ್ನನ್ನು ಶವಾಗಾರಕ್ಕೆ ಕರೆದರು. ಅಲ್ಲಿನ ನೌಕರ ತಲೆಯ ಕಡೆ ಹೋಗಲೇ ಇಲ್ಲ. ಕಾಲಿನ ಕಡೆಯಿಂದ ಬಟ್ಟೆ ಸರಿಸಿ, “ಮೊದ್ಲು ಇಲ್ಲಿ ನೋಡಿ ಅಕ್ಕಾ” ಎಂದ. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಗೆ ಮುರುಟಿಕೊಂಡಿತ್ತು. ಚಿಕ್ಕವನಿದ್ದಾಗ ರುಬ್ಬುವ ಕಲ್ಲಿನ ಗುಂಡು ಬೀಳಿಸಿಕೊಂಡಿದ್ದ, ಆ ಉಗುರು ಮತ್ತೆ ನೆಟ್ಟಗೆ ಬೆಳೆಯಲಿಲ್ಲ.

ಎರಡೂ ಪಾದ ಹಿಡಿದುಕೊಂಡು ನಿಂತುಬಿಟ್ಟೆ. “ಮುಖ ತೋರಿಸ್ಲಾ?” ಎಂದ. ಬೇಡ ಬೇಡ ಎಂದೆ. ಮುಖ ನೋಡಿದರೆ ಮುಗಿದೇ ಹೋಯಿತಲ್ಲ! ಕಾಲಿನ ಹತ್ತಿರ ನಿಂತಿರುವಷ್ಟು ಹೊತ್ತು, ಇದು ಬೇರೆ ಯಾರೋ ಇರಬಹುದು ಎಂಬ ಹುಚ್ಚು ಆಸೆ ಉಳಿದಿರುತ್ತದೆ. ಮುನಿಸ್ವಾಮಿಯವರ ಎರಡು ಪುಟ ನನಗೆ ಅರ್ಥವಾದದ್ದು ಆಗ.

ಕಾರ್ಯವೆಲ್ಲ ಮುಗಿದ ಮೇಲೆ ಅವರಿಗೆ ಫೋನ್ ಮಾಡಿದೆ. ಶವಾಗಾರದಲ್ಲಿ ತಮ್ಮನ ಕಾಲು ಹಿಡಿದು ನಿಂತದ್ದನ್ನು ಹೇಳಿದೆ.

“ನಾನೂ ಅಂಥಾ ಕಡೇನೇ ಇದ್ದಿದ್ದು ಮೇಡಂ, ಶವಾಗಾರದಲ್ಲಿ. ಸರ್ವೀಸ್ ಪೂರ್ತಿ. ಎಷ್ಟು ಜನ ತಾಯಂದ್ರನ್ನ ನೋಡಿದೀನಿ. ಮೊದ್ಲು ಮುಖ ತೋರ್ಸಿ ಅಂತ ಯಾರೂ ಕೇಳಲ್ಲ.”

“ಆ ಮೊದಲನೇ ಕಾಪಿ ಇದೆಯೇನ್ರೀ?”

“ಇಲ್ಲ ಮೇಡಂ, ಹರಿದಾಕ್ಬಿಟ್ಟೆ. ತಪ್ಪು ಅಂದ್ರಲ್ಲ.”

ಅಳು ಬಂತು. ನನ್ನ ಮೇಲೆ ನನಗೇ ಅಸಹ್ಯವೂ ಆಯಿತು. ತಿದ್ದುವ ಮೊದಲು ಒಂದೇ ಒಂದು ಪ್ರಶ್ನೆ ಸಾಕಿತ್ತು: ಇದು ನಿಮಗೆ ಹೇಗೆ ಗೊತ್ತು? ಅಷ್ಟೊಂದು ಪುಸ್ತಕ ಓದಿದವಳಿಗೆ ಅದನ್ನು ಕೇಳಲು ತೋಚಲಿಲ್ಲ. ಆಗಲಾದರೂ ಸುಮ್ಮನಿರಬೇಕೋ ಬೇಡವೋ? ಇಲ್ಲ, ತಪ್ಪನ್ನು ಅವರ ತಲೆಗೇ ಕಟ್ಟಲು ಹೋದೆ.

“ಅವತ್ತೇ ಹೇಳ್ಬಾರ್ದಿತ್ತೇನ್ರೀ?”

“ಬರೆದೋರು ಬಾಯಿ ಬಿಡ್ಬಾರ್ದು ಅಂದಿದ್ರಲ್ಲ ಮೇಡಂ?”