ಹೊಸತೊಡಕಿನ ಮಂಕರಿ ಮಣ್ಣು

ದೊಡ್ಡಮ್ಮನ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಕೆರೆಮಣ್ಣು ಕೂತಿರುತ್ತಿತ್ತು. ಮದುವೆಮನೆಗೆ ರೇಷ್ಮೆ ಸೀರೆ ಉಟ್ಟು ಬಂದರೂ ಅದು ಹೋಗುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡೇ ಊಟಕ್ಕೆ ಕೂರುವ ಹೆಂಗಸು. ಯಾವ ಕೆಲಸಕ್ಕಾದರೂ ನಾನು "ಆಮೇಲೆ ಮಾಡ್ತೀನಿ" ಎಂದರೆ ಅವಳ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. "ಆಮ್ಯಾಕೆ ಅಂದ್ರೆ ಯಾವಾಗ, ಯೋಳ್ಲಾ?"

ದುದ್ದದ ಹತ್ತಿರದ ನಮ್ಮೂರಿನಲ್ಲಿ, ಕೆರೆಗೆ ನೀರು ತರುವ ಕಾಲುವೆಯ ಹೂಳನ್ನು, ಯುಗಾದಿಯಾಗಿ ಕೆಲವು ವಾರಕ್ಕೆ ಬರುವ ಭರಣಿ ಮಳೆ ಕಳೆದ ಮೇಲೆ ಎತ್ತುವುದು ವಾಡಿಕೆ. ದೊಡ್ಡ ಮಳೆ ಹೇಗೂ ಅದರ ನಂತರವೇ ಎಂಬ ಧೈರ್ಯ. ತೊಂಬತ್ತರ ದಶಕದ ಕೊನೆಗೆ ಮಳೆ ದಾರಿ ತಪ್ಪಿತು. ಬಂದರೆ ಒಟ್ಟಿಗೇ ಸುರಿಯುವುದು, ಇಲ್ಲವೆಂದರೆ ಮುಖವನ್ನೇ ತೋರಿಸದಿರುವುದು. ಇದನ್ನು ಕಂಡು ದೊಡ್ಡಮ್ಮ ಯುಗಾದಿಗೆ ಮುಂಚೆಯೇ ಹೂಳೆತ್ತೋಣವೆಂದು ಮನೆಮನೆ ತಿರುಗಿದಳು.

"ನಮ್ ತಾತನ ಕಾಲದಿಂದ ಇಂಗೇ ನಡ್ಕಂಡ್ ಬಂದದೆ, ಸುಮ್ನಿರಕ್ಕ" ಎಂದು ಪಕ್ಕದ ಮನೆಯಾತ ನಕ್ಕ. ಊರೂ ನಕ್ಕಿತು.

ಆ ವರ್ಷ ಭರಣಿಯಲ್ಲೇ ಕೊಡ ಮಗುಚಿದ ಹಾಗೆ ಸುರಿಯಿತು. ಹೂಳು ತುಂಬಿದ ಕಾಲುವೆ ಒಡೆದು ನೀರೆಲ್ಲ ಹಳ್ಳದ ಪಾಲಾಯಿತು. ಮತ್ತೆ ಹದವಾದ ಮಳೆಯೇ ಬರಲಿಲ್ಲ. ಕೆರೆ ಒಣಗಿತು. ದೊಡ್ಡಮ್ಮ ನೆಟ್ಟಿದ್ದ ತೆಂಗಿನ ಸಸಿಗಳು ಸುಟ್ಟುಹೋದವು. ಅವಳು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ.

ಮರುವರ್ಷ, ಯುಗಾದಿಯ ಮಾರನೆಯ ದಿನ, ಹೊಸತೊಡಕು. ಆವತ್ತು ಮಾಡಿದ್ದೇ ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಆದರೂ ಗಂಡಸರು ಅರಳಿಕಟ್ಟೆಯಲ್ಲಿ ಇಸ್ಪೀಟಿಗೆ ಕೂರುವುದು ತಪ್ಪದು! ದೊಡ್ಡಮ್ಮ ಬೀದಿಯ ಹೆಂಗಸರನ್ನು ಒಳಹಾಕಿಕೊಂಡು, ಎಲ್ಲ ಮನೆಗಳ ಬಾಡಿನ ಸಾರನ್ನೂ ಮುದ್ದೆಯನ್ನೂ ಎತ್ತಿನಗಾಡಿಗೆ ಹೇರಿಸಿ, ಕಟ್ಟೆಯ ಮುಂದೆ ನಿಲ್ಲಿಸಿದಳು.

"ವರ್ಸವೆಲ್ಲ ಎಲೆ ಕಲಸ್ಕಂಡೇ ಕೂತ್ಕತೀರೇನ್ರಲಾ? ಊಟ ಕಾಲುವೆ ತಾವ. ಮಣ್ಣೆತ್ತದೆ ಇರೋರ್ಗೆ ಒಂದ್ ತುಂಡೂ ಇಲ್ಲ!"

ಸಾರಿನ ಘಮ ಗಾಡಿಯ ಜೊತೆ ಮುಂದೆ ಹೋಯಿತು. ಬೈದುಕೊಳ್ಳುತ್ತಲೇ ಗಂಡಸರು ಗುದ್ದಲಿ ಹುಡುಕಿದರು. ಮೊದಲ ಮಂಕರಿ ಮಣ್ಣನ್ನು ದೊಡ್ಡಮ್ಮನೇ ತಲೆಯ ಮೇಲೆ ಹೊತ್ತಳು.

ಆ ವರ್ಷವೂ ಮಳೆ ಬೇಗ ಬಂತು, ಕೆರೆ ಮುಕ್ಕಾಲು ತುಂಬಿತು. ದೊಡ್ಡಮ್ಮ ಚನ್ನರಾಯಪಟ್ಟಣದಿಂದ ಸಸಿ ತಂದು ಮತ್ತೆ ನೆಟ್ಟಳು. ಹವಾಮಾನ ಬದಲಾಗುತ್ತಿದೆ, ಆದರೆ ಇನ್ನೂ ಕಾಲವಿದೆ ಎನ್ನುವವರ ಮಾತನ್ನು ಪೇಪರಿನಲ್ಲಿ ಓದುವಾಗ ನನಗೆ ಆ ಗಾಡಿ ನೆನಪಾಗುತ್ತದೆ.

ಕೆಲವು ವರ್ಷಗಳ ನಂತರ, ಯುಗಾದಿ ಹತ್ತಿರವಿದ್ದಾಗ ದೊಡ್ಡಮ್ಮ ತೀರಿಕೊಂಡಳು. ಸೂತಕದ ಮನೆ, ಹಬ್ಬವಿಲ್ಲ. ಪ್ರತಿವರ್ಷ ಹೊಸತೊಡಕಿಗೆ ನಡೆಯುತ್ತಿದ್ದ ಕಾಲುವೆ ಕೆಲಸ ಈ ಸಲ ತಿಥಿಯಾದ ಮೇಲಾಗಲಿ ಎಂದು ಊರವರಿಗೆ ನಾನೇ ಹೇಳಿ ಕಳಿಸಿದ್ದೆ. ಹೊಸತೊಡಕಿನ ಬೆಳಿಗ್ಗೆ, ಹಿಂದೆ ನಕ್ಕಿದ್ದ ಪಕ್ಕದ ಮನೆಯಾತ ಗುದ್ದಲಿ ಹೊತ್ತು ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಊರೇ ಇತ್ತು.

"ಆಮ್ಯಾಕೆ ಅಂದ್ರೆ ಯಾವಾಗ, ಯೋಳ್ಲಾ?" ಎಂದ. ಅವನ ಕಣ್ಣು ತುಂಬಿತ್ತು.

ನಾನು ದೊಡ್ಡಮ್ಮನ ಮಂಕರಿಯನ್ನು ಎತ್ತಿಕೊಂಡೆ.