ಲಾಕ್ ತೆಗೆಸಿದ್ದು ಯಾರು

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಮ್ಮ ಆಫೀಸು ವಿದೇಶದಲ್ಲಿ, ಕ್ಯಾನ್ಯನ್ ಪಾರ್ಕ್ ಎಂಬ ಕಡೆ ಇತ್ತು. ರಕ್ತ ಪರೀಕ್ಷೆಯ ಯಂತ್ರಗಳನ್ನು ನಡೆಸುವ ಪ್ರೋಗ್ರಾಮ್ ಬರೆಯುತ್ತಿದ್ದೆವು. ಟೀಮಿನ ಲೀಡ್ ಮೈಸೂರಿನವರು, ನಾನು ಹುಬ್ಬಳ್ಳಿಯವಳು. ಇಬ್ಬರ ಮನೆಯೂ ಹತ್ತಿರದ ಊರು ವುಡಿನ್‌ವಿಲ್‌ನಲ್ಲಿ. ನನಗಿನ್ನೂ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿರಲಿಲ್ಲ. ದಿನಾ ಅವರ ಕಾರಿನಲ್ಲೇ ಹೋಗಿಬರುತ್ತಿದ್ದೆ. ಬೇರೆಯವರು ಇಮೇಲ್ ಬರೆದು, ಮೀಟಿಂಗ್ ಕರೆದು ತೀರ್ಮಾನಿಸುವುದನ್ನು ನಾವಿಬ್ಬರು ಟ್ರಾಫಿಕ್‌ನಲ್ಲಿ ಕೂತು ಕನ್ನಡದಲ್ಲೇ ಮುಗಿಸಿಬಿಡುತ್ತಿದ್ದೆವು. ನಮ್ಮ ನಮ್ಮಲ್ಲಿ ಬರೆದುಕೊಳ್ಳುವುದೇನು ಬಂತು ಎಂದು ಹೆಮ್ಮೆ ಬೇರೆ. ದಡ್ಡತನ, ಶುದ್ಧ ದಡ್ಡತನ!

ಅದಕ್ಕೂ ಮೊದಲು ಎರಡು ವರ್ಷ ನಾನು ಗಂಡನ ವೀಸಾ ನೆಚ್ಚಿಕೊಂಡು ಮನೆಯಲ್ಲಿ ಕೂತಿದ್ದವಳು. ಹೆಂಡತಿಗೆ ಕೊಡುವ ಆ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಈ ಕೆಲಸ ನನ್ನದೇ ವೀಸಾ ತಂದುಕೊಟ್ಟಿತ್ತು. ಆದರೆ ಕಾಂಟ್ರ್ಯಾಕ್ಟ್ ಕೆಲಸ. ಮುಂದುವರಿಸುತ್ತಾರೋ ಇಲ್ಲವೋ ಎಂದು ತಿಂಗಳ ಕೊನೆಗೆ ಮ್ಯಾನೇಜರ್ ಹೇಳಬೇಕಿತ್ತು. ಹೋದರೆ ಮತ್ತೆ ಅದೇ ಅಡುಗೆಮನೆ, ಅದೇ ಕಿಟಕಿ.

ಪ್ರೋಗ್ರಾಮ್ ಶುರುವಾಗಲು ತುಂಬ ಹೊತ್ತು ಹಿಡಿಯುತ್ತಿತ್ತು. ಬೇಕಿರಲಿ ಬೇಡದಿರಲಿ, ತನ್ನ ಎಲ್ಲ ಮಾಡ್ಯೂಲುಗಳನ್ನೂ, ಅಂದರೆ ಬಿಡಿ ಬಿಡಿ ಭಾಗಗಳನ್ನೂ, ಮೊದಲೇ ಮೆಮೊರಿಗೆ ತುಂಬಿಕೊಳ್ಳುತ್ತಿತ್ತು. ಬೇಕಾದ್ದನ್ನು ಬೇಕಾದಾಗ ಮಾತ್ರ ಲೋಡ್ ಮಾಡುವ ಹಾಗೆ ಬದಲಾಯಿಸುವ ಕೆಲಸ ನನಗೆ ಬಂತು. ತೊಡಕು ಇದ್ದದ್ದು ಥ್ರೆಡ್ಡುಗಳಲ್ಲಿ. ಒಂದೇ ಪ್ರೋಗ್ರಾಮಿನೊಳಗೆ ಹಲವು ಕೆಲಸಗಳು ಒಟ್ಟಿಗೆ ಓಡುತ್ತವೆ. ಒಂದೊಂದೂ ಒಂದು ಥ್ರೆಡ್. ಒಂದು ಥ್ರೆಡ್ ಮಾಡ್ಯೂಲನ್ನು ಲೋಡ್ ಮಾಡುತ್ತಿರುವಾಗಲೇ ಇನ್ನೊಂದು ಬಂದು, ಹೆಸರು ಪಟ್ಟಿಯಲ್ಲಿದೆಯಲ್ಲ, ಸಿದ್ಧವಾಗಿದೆ ಎಂದುಕೊಂಡು ಅರ್ಧ ಲೋಡ್ ಆದದ್ದನ್ನೇ ಬಳಸಿಬಿಡಬಹುದು. ಬೇಯುವ ಮೊದಲೇ ಅನ್ನ ಬಡಿಸಿದ ಹಾಗೆ. ಅದಕ್ಕೇ ನಾನು ಲಾಕ್ ಹಾಕಿದ್ದೆ. ಒಂದು ಥ್ರೆಡ್ ಲೋಡ್ ಮುಗಿಸುವ ತನಕ ಉಳಿದವು ಕಾಯಬೇಕು.

“ಆ ಲಾಕ್ ತೆಗ್ದುಬಿಡಮ್ಮ,” ಎಂದರು ಲೀಡ್, ಒಂದು ಬೆಳಿಗ್ಗೆ ಕಾರಿನಲ್ಲಿ. “ಎಲ್ಲ ಥ್ರೆಡ್ಡೂ ಕ್ಯೂ ನಿಂತ್ಕೊಂಡು ಸ್ಲೋ ಆಗ್ತಿದೆ. ನಾಳೆ ಕಸ್ಟಮರ್‌ಗೆ ಡೆಮೋ ಇದೆ.”

“ತೆಗೆದ್ರೆ ಒಂದಲ್ಲ ಒಂದಿನ ಕ್ರ್ಯಾಶ್ ಆಗತ್ತೆ ಸರ್. ಎರಡು ದಿನ ಕೊಡಿ, ಒಂದೊಂದು ಮಾಡ್ಯೂಲ್‌ಗೂ ಬೇರೆ ಬೇರೆ ಲಾಕ್ ಹಾಕ್ತೀನಿ.”

“ಎರಡು ದಿನ ಎಲ್ಲಿಂದ ತರ್ಲಿ? ನೀನು ತೆಗಿ, ನಾನು ಅಪ್ರೂವ್ ಮಾಡ್ತೀನಿ. ನಾನಿದೀನಲ್ಲ!”

ನಾನಿದೀನಲ್ಲ ಎಂದ ಮೇಲೆ ಇನ್ನೇನು? ನನ್ನ ಹೆಸರಿನಲ್ಲೇ ಲಾಕ್ ತೆಗೆದೆ. ಯಾರು ಹೇಳಿದ್ದೆಂದು ಎಲ್ಲೂ ಒಂದಕ್ಷರ ಬರೆಯಲಿಲ್ಲ. ಡೆಮೋ ಚೆನ್ನಾಗಿ ಆಯಿತು, ಚಪ್ಪಾಳೆ ಅವರಿಗೆ ಬಿತ್ತು.

ಮೂರನೇ ವಾರ ಕಸ್ಟಮರ್‌ನ ಲ್ಯಾಬಿನಲ್ಲಿ ಪ್ರೋಗ್ರಾಮ್ ದಿನಕ್ಕೆರಡು ಸಲ ಕ್ರ್ಯಾಶ್ ಆಗತೊಡಗಿತು. ರಿಪೋರ್ಟ್ ಮಾಡ್ಯೂಲನ್ನು ಎರಡು ಥ್ರೆಡ್ಡುಗಳು ಒಟ್ಟಿಗೆ ಕೇಳಿದರೆ ಸಾಕು, ಮುಗಿಯಿತು. ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿ ಲಾಕ್ ಯಾಕೆ ತೆಗೆದಿರಿ ಎಂದು ಕೇಳಿದರು. ಲೀಡ್ ನನ್ನ ಕಡೆ ತಿರುಗಿಯೂ ನೋಡದೆ, ನಯವಾದ ಇಂಗ್ಲಿಷಿನಲ್ಲಿ, ಅದು ಆಕೆಯ ತೀರ್ಮಾನ, ನಂಬಿ ಅಪ್ರೂವ್ ಮಾಡಿದೆ ಎಂದರು. ಇಲ್ಲ, ಇವರೇ ಕಾರಿನಲ್ಲಿ ಹೇಳಿದ್ದು ಎಂದೆ. ಎಲ್ಲಾದರೂ ಬರೆದಿದೆಯಾ ಎಂದು ಮ್ಯಾನೇಜರ್ ಕೇಳಿದರು. ಎಲ್ಲಿಂದ ತೋರಿಸಲಿ?

ಸಂಜೆ ಕಾರಿನಲ್ಲಿ ಸಮಾಧಾನ ಬೇರೆ. “ಬೇಜಾರ್ ಮಾಡ್ಕೋಬೇಡಮ್ಮ. ನಂಗೆ ಪ್ರೊಮೋಷನ್ ಟೈಮು. ನಿಂಗೇನು, ಯಜಮಾನ್ರ ಕೆಲ್ಸ ಇದ್ಯಲ್ಲ.”

ಯಜಮಾನರ ಕೆಲಸವಂತೆ! ಕಾರಿನ ಬಾಗಿಲು ತೆಗೆದು ರಸ್ತೆಯಲ್ಲೇ ಇಳಿದುಬಿಡೋಣ ಅನ್ನಿಸಿತು.

ಮರುದಿನದಿಂದ ಬಸ್ ಹಿಡಿದೆ. ಎರಡು ದಿನ ಕೂತು ಕೋಡ್ ಸರಿಮಾಡಿದೆ. ಎಲ್ಲ ಥ್ರೆಡ್ಡುಗಳಿಗೂ ಬೇಕಾಗುವ ಮಾಡ್ಯೂಲುಗಳು ಥ್ರೆಡ್ಡುಗಳು ಶುರುವಾಗುವ ಮುಂಚೆಯೇ ಲೋಡ್ ಆಗುತ್ತವೆ. ಉಳಿದ ಒಂದೊಂದಕ್ಕೂ ಅದರದೇ ಲಾಕ್. ಬದಲಾವಣೆಗೆ ಕಾರಣ ಬರೆಯುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದೆ. ಹಳೇ ಲಾಕ್ ತೆಗೆಸಿದ್ದು ಲೀಡ್, ಹೇಳಿದ್ದು ಅವರ ಕಾರಿನಲ್ಲಿ, ಬೇಡವೆಂದು ಹೇಳಿ ಎರಡು ದಿನದ ಸಮಯ ಕೇಳಿದವಳು ನಾನು, ಕೊಡದವರು ಅವರು. ಅಪ್ರೂವ್ ಮಾಡಿದರೆ ಇದು ನಿಜವೆಂದು ಒಪ್ಪಿದ ಹಾಗೆ ಎಂದೂ ಸೇರಿಸಿದೆ. ಅಪ್ರೂವ್ ಬಟನ್ ಒತ್ತುವ ಅಧಿಕಾರ ಇದ್ದದ್ದು ಅವರೊಬ್ಬರಿಗೇ, ಒತ್ತದೆ ಸರಿಮಾಡಿದ ಕೋಡ್ ಕಸ್ಟಮರ್‌ಗೆ ಹೋಗುವಂತಿರಲಿಲ್ಲ. ಕಸ್ಟಮರ್ ಗಂಟೆಗೊಂದು ಸಲ ಫೋನ್ ಮಾಡುತ್ತಿದ್ದರು.

ಅದನ್ನು ಓದಿದ್ದೇ ತಡ, ಲೀಡ್ ನನ್ನ ಡೆಸ್ಕಿಗೆ ಓಡಿಬಂದರು. “ಏನಮ್ಮ ಇದು? ಕೊನೇ ನಾಲ್ಕು ಸಾಲು ತೆಗಿ. ಎಲ್ರೂ ಓದ್ತಾರೆ. ನಮ್ಮೋರೇ ನಮ್ಮೋರಿಗೆ ಹೀಗ್ ಮಾಡೋದಾ?”

ಸಿಟ್ಟಿಗೆ ನನ್ನ ಬಾಯಲ್ಲಿ ಹುಬ್ಬಳ್ಳಿ ಮಾತೇ ಬಂತು. “ಒಂದ್ ಅಕ್ಷರಾನೂ ತಗಿಯಂಗಿಲ್ರಿ. ಮೀಟಿಂಗ್‌ನ್ಯಾಗ ನಾ ನಿಮ್ಮ ಮಂದಿ ಅಂತ ನೆನಪಿರಲಿಲ್ಲೇನು? ಬೇಕಾದ್ರ ಒತ್ರಿ, ಬ್ಯಾಡಾದ್ರ ಕಸ್ಟಮರ್‌ಗೆ ನೀವ ಉತ್ತರಾ ಕೊಡ್ರಿ.”

ಅವರ ಹಿಂದೆಯೇ ಹೋಗಿ ಕುರ್ಚಿಯ ಬೆನ್ನಿಗೆ ನಿಂತೆ. ಹತ್ತು ನಿಮಿಷ ಮೌಸ್ ಅಲ್ಲಾಡಿಸಿದರು, ನೀರು ಕುಡಿದರು, ಕೊನೆಗೆ ಒತ್ತಿದರು. ಕ್ರ್ಯಾಶ್ ನಿಂತಿತು. ಮ್ಯಾನೇಜರ್ ಅಷ್ಟನ್ನೂ ಓದಿದರು. ನನ್ನ ಕಾಂಟ್ರ್ಯಾಕ್ಟ್ ಇನ್ನೊಂದು ವರ್ಷ ಮುಂದುವರಿಯಿತು.

ಸುದ್ದಿ ತಿಳಿದ ದಿನ ಲೀಡ್ ಒಂದು ಡಬ್ಬಿ ಸ್ವೀಟ್ ಹಿಡಿದು ಬಂದು, ಅಕ್ಕಪಕ್ಕ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು. “ಸಾರಿ ಕಣಮ್ಮ. ತಪ್ಪು ನಂದೇ.”

ಡಬ್ಬಿಯನ್ನು ಅವರ ಕೈಗೇ ವಾಪಸ್ ಕೊಟ್ಟೆ. “ಅದನ್ನ ಇಮೇಲ್‌ನ್ಯಾಗ ಬರದು ಕಳಸ್ರಿ ಸರ್,” ಎಂದೆ. “ಮ್ಯಾನೇಜರ್‌ಗೂ ಒಂದು ಕಾಪಿ ಹಾಕ್ರಿ.”

ಆ ಇಮೇಲ್ ಬರಲೇ ಇಲ್ಲ.